ಅಕ್ಷತೆ ನಿಲ್ಲುವ ತಲೆ

ನಮ್ಮೂರಿನಲ್ಲಿ ಹಿರಿಯರ ಹಬ್ಬಕ್ಕೆ ಕಾಗೆಯನ್ನು ಕಾಯುವ ಪದ್ಧತಿ ಇಲ್ಲ. ಹಿರಿಯರೇ ಬರುತ್ತಾರೆ. ಬೇರೆ ಊರಿನವರು ಇದನ್ನು ಕೇಳಿ ನಕ್ಕರೆ ನಾನು ವಾದ ಮಾಡುವುದಿಲ್ಲ. ಅವರ ಹಿರಿಯರಿಗೆ ಅಷ್ಟು ದೂರ ನಡೆಯಲು ತ್ರಾಣವಿಲ್ಲದಿರಬಹುದು, ಇಲ್ಲವೆ ಆ ಊರಿನ ಅಡಿಗೆ ಅವರಿಗೆ ಹಿಡಿಸದಿರಬಹುದು. ನಮ್ಮ ಈಶ್ವರನ ಗುಡಿಯ ಮುಂದೆ ಕಲ್ಲು ಕಟ್ಟಿದ ಒಂದು ಕೊಳವಿದೆ. ಪಿತೃಪಕ್ಷ ಬಂತೆಂದರೆ ಈ ಗುಡಿಯ ಪೂಜಾರಿಯಾದ ನಾನು ಮಧ್ಯಾಹ್ನ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಕೊನೆಯ ಮೆಟ್ಟಿಲ ಮೇಲೆ ನಿಂತು, ಹೆಸರು ಹಿಡಿದು ಕರೆಯುತ್ತೇನೆ. ಕರೆದವರು ನೀರಿನಿಂದ ಎದ್ದು ಮೆಟ್ಟಿಲು ಹತ್ತಿ ಬರುತ್ತಾರೆ. ಅವರ ನೆತ್ತಿಯ ಮೇಲೆ ನಾಲ್ಕು ಕಾಳು ಅಕ್ಷತೆ ಹಾಕುತ್ತೇನೆ. ಅಕ್ಷತೆ ನಿಂತರೆ ಅವರು ಹಿರಿಯರು. ಮನೆಯವರು ಕೈ ಹಿಡಿದು ಕರೆದೊಯ್ದು ಎಡೆಯ ಮುಂದೆ ಕೂರಿಸುತ್ತಾರೆ. ಉಂಡು, ಜಗಲಿಯ ಮೇಲೆ ಸ್ವಲ್ಪ ಅಡ್ಡಾಗಿ, ದೀಪ ಹಚ್ಚುವ ಹೊತ್ತಿಗೆ ಅವರು ಮತ್ತೆ ಕೊಳಕ್ಕೆ ಇಳಿಯುತ್ತಾರೆ. ಉಣ್ಣದೆ ಮಾತ್ರ ಯಾರೂ ಇಳಿದದ್ದಿಲ್ಲ.

ತಂದೆ, ಅಜ್ಜ, ಮುತ್ತಜ್ಜ, ಅವರ ಹೆಂಡಂದಿರು, ಇಷ್ಟು ಜನರನ್ನು ಕರೆದರೆ ಸಾಕೆಂಬುದು ಹಿಂದಿನಿಂದ ಬಂದ ಕ್ರಮ. ಅಷ್ಟಕ್ಕೇ ಊರು ಸುಸ್ತಾಗುತ್ತದೆ. ಆ ದಿನಗಳಲ್ಲಿ ಗಂಡಸರು ಬೀಡಿ ಬಚ್ಚಿಡುತ್ತಾರೆ. ಸೊಸೆಯರು ಮಿಕ್ಸಿಯನ್ನು ಅಟ್ಟಕ್ಕೇರಿಸಿ ಒರಳುಕಲ್ಲು ತೊಳೆದಿಡುತ್ತಾರೆ. ಬದುವಿನ ಜಗಳಗಳು ನಮ್ಮಲ್ಲಿ ಕೋರ್ಟಿಗೆ ಹೋಗುವುದಿಲ್ಲ. ಹಬ್ಬಕ್ಕೆ ಮುತ್ತಜ್ಜ ಬಂದು, ಗಡಿಕಲ್ಲನ್ನು ಸುತ್ತಿ ಬಳಸಿ ನೋಡಿ, ಇದನ್ನು ನೆಟ್ಟವನು ನಾನಲ್ಲ ಎಂದು ಹೇಳಿ, ಹೋಳಿಗೆ ತಿಂದು ಹೋಗುತ್ತಾನೆ. ಜಗಳ ಮುಂದಿನ ವರ್ಷಕ್ಕೆ ನಿಲ್ಲುತ್ತದೆ. ನನ್ನ ತಂದೆಯವರೂ ಬರುತ್ತಾರೆ. ನಾನು ಮೂಗಿನಿಂದ ಕರೆಯುತ್ತೇನೆಂದೂ, ನೀರೊಳಗೆ ಅದು ಎಮ್ಮೆ ಕೂಗಿದಂತೆ ಕೇಳುತ್ತದೆಂದೂ ಹೇಳಿ ಎಲೆಯ ಮುಂದೆ ಕೂರುತ್ತಾರೆ. ಈಶ್ವರನ ಸೇವೆಯಲ್ಲಿ ಇದೂ ಒಂದು ಪ್ರಸಾದ ಎಂದುಕೊಳ್ಳುತ್ತೇನೆ.

ದೊಡ್ಡಮನೆಯ ಯಜಮಾನರು ಅಪ್ಪಾಜಯ್ಯನವರು. ಊರಿನ ಯಾವ ಪಂಕ್ತಿಯಲ್ಲೂ ಬಲಗಡೆಯ ಮೊದಲ ಎಲೆ ಅವರದು, ಏಕೆಂದರೆ ಅವರ ಮೂಲ ಎಲ್ಲರಿಗಿಂತ ಹಳೆಯದು. ಎಷ್ಟು ಹಳೆಯದೆಂದು ಯಾರೂ ಕೇಳಿದ್ದಿಲ್ಲ. ಎಲೆಯ ಮುಂದೆ ಕೂತವರನ್ನು ಹಾಗೆಲ್ಲ ಕೇಳುವುದು ಮರ್ಯಾದೆಯೂ ಅಲ್ಲ. ಹೆಂಡತಿ ನಂಜಮ್ಮಣ್ಣಿಯವರು ಕಡಿಮೆ ಮಾತಿನವರು, ಊರಿನ ದೊಡ್ಡ ಅಡಿಗೆಗಳೆಲ್ಲ ಅವರ ಕೈಯಲ್ಲೇ ಆಗಬೇಕು. ಒಬ್ಬಳೇ ಮಗಳು ಚೆಲುವಾಂಬೆ. ಊರಾಚೆ ಹಳ್ಳದ ದಂಡೆಯಲ್ಲಿ ಕರಿಯಣ್ಣನ ಸುಣ್ಣದ ಗೂಡು. ಬಸವನಹುಳುವಿನ ಚಿಪ್ಪು ಆರಿಸಿ ತಂದು ಸುಟ್ಟು ಸುಣ್ಣ ಮಾಡುವುದು ಅವನ ಕಸುಬು. ಹಬ್ಬ ಬಂತೆಂದರೆ ಅವನ ಮಗ ಗವಿರಂಗ ಮನೆಮನೆಗೆ ಸುಣ್ಣ ಬಳಿಯಲು ಹೋಗುತ್ತಾನೆ. ಆ ವರ್ಷ ದೊಡ್ಡಮನೆಯ ಹಿತ್ತಿಲ ಗೋಡೆಗೆ ಅವನು ಮೂರು ಸಲ ಸುಣ್ಣ ಬಳಿದ. ಒಂದು ಸಲ ಬಳಿದಾದ ಮೇಲೆ ಚೆಲುವಾಂಬೆ ಬಂದು, ಇಲ್ಲಿ ಹಳೇ ಗೋಡೆ ಕಾಣ್ತಾ ಇದೆ ಎಂದಳು. ಇನ್ನೊಂದು ಸಲ ಬಳಿದಾಗ, ಅಲ್ಲಿ ಕಾಣ್ತಾ ಇದೆ ಎಂದಳು. ಮೂರನೆಯ ಸಲ ಊರಿಗೆಲ್ಲ ಕಂಡಿತು.

ಕರಿಯಣ್ಣ ಒಳ್ಳೆಯ ಶರಟು ಹಾಕಿಕೊಂಡು, ಎಲೆಯಡಿಕೆ ಹಿಡಿದುಕೊಂಡು, ದೊಡ್ಡಮನೆಯ ಜಗಲಿಯ ಕೆಳಗೆ ನಿಂತು ಹೆಣ್ಣು ಕೇಳಿದ. ಅಪ್ಪಾಜಯ್ಯನವರು ಕೋಪ ಮಾಡಿಕೊಳ್ಳಲಿಲ್ಲ. ದಸರೆಗೆ ದೂರದ ಊರಿನಿಂದ ಒಬ್ಬರು ಹುಡುಗಿಯನ್ನು ನಿಶ್ಚಯ ಮಾಡಿಕೊಳ್ಳಲು ಬರುವವರಿದ್ದಾರೆ, ಅವರ ಮೂಲ ಸೂರ್ಯನಿಂದ ಹೊರಟದ್ದು ಎಂದು ಮೆಲ್ಲಗೆ ತಿಳಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕರಿಯಣ್ಣ ಹೋಗದೆ ನಿಂತೇ ಇದ್ದನಾಗಿ ಅವರು ಒಂದು ಮಾತು ಸೇರಿಸಿದರು. "ನಿಮ್ಮದೂ ಒಂದು ಮೂಲ ಇರುತ್ತೆ ಕಣಯ್ಯ, ಇಲ್ಲ ಅನ್ನಲ್ಲ. ಈ ಹಬ್ಬದಲ್ಲಿ ಇಬ್ಬರ ಕಡೆಯೂ ಮುತ್ತಜ್ಜನಿಂದ ಮೇಲಕ್ಕೆ ಕರೆಸೋಣ. ಅಮಾವಾಸ್ಯೆಯೊಳಗೆ ನಿನ್ನ ಕಡೆಯವರು ನನ್ನ ಕಡೆಯವರ ಪಕ್ಕ ಕೂರೋ ಹಂಗಿದ್ರೆ, ನಾನೂ ಬೀಗನಾಗಿ ನಿನ್ನ ಪಕ್ಕ ಕೂರ್ತೀನಿ."

ಕರಿಯಣ್ಣ ನನ್ನ ಹತ್ತಿರ ಬಂದು, ಮೇಲಕ್ಕೆ ಅಂದರೆ ಎಷ್ಟು ಮೇಲಕ್ಕೆ ಎಂದು ಕೇಳಿದ. ನನಗೆ ತಿಳಿಯದು. ಶಾಸ್ತ್ರದ ವಿಚಾರ ನೋಡುವವರು ತಿಮ್ಮಾ ಜೋಯಿಸರು. ಅವರು ಪಂಚಾಂಗದ ಹಾಳೆಗಳನ್ನು ಬೀಸಣಿಗೆಯಂತೆ ಬೀಸಿ ನೋಡಿ, ಕರೆಯಬಾರದೆಂದು ಎಲ್ಲೂ ಇಲ್ಲ ಎಂದರು. ಅಕ್ಷತೆ ನಿಲ್ಲುವ ತಲೆಯೊಂದಿದ್ದರೆ ಹಿರಿಯರು, ಇಲ್ಲದಿದ್ದರೆ ಇಲ್ಲ, ಇದೇ ನಿಯಮ ಎಂದೂ ಸಾರಿದರು.

ಪಾಡ್ಯದ ಮಧ್ಯಾಹ್ನ ಊರೆಲ್ಲ ಕೊಳದ ಮಂಟಪದಲ್ಲಿ ಸೇರಿತು. ದೊಡ್ಡಮನೆಯ ಮುತ್ತಜ್ಜನ ಅಪ್ಪ ಬರಲಿ ಎಂದು ಕರೆದೆ. ರಾಜರಂತಹವರೊಬ್ಬರು ಏಳಬಹುದೆಂದು ಅಪ್ಪಾಜಯ್ಯನವರು ಜರಿಯ ಶಲ್ಯ ಹಿಡಿದು ನಿಂತಿದ್ದರು. ಎದ್ದು ಬಂದವರು ಹೆಗಲ ಮೇಲೆ ಒಂದು ಕುರಿ ಹೊತ್ತುಕೊಂಡಿದ್ದರು. ಯಜ್ಞಕ್ಕೆ ಇರಬೇಕು ಎಂದು ಜೋಯಿಸರು ಹೇಳುವಷ್ಟರಲ್ಲಿ ಸುಣ್ಣದ ಗೂಡಿನ ಕಡೆಯವರನ್ನು ಕರೆದೆ. ಅವರು ನೀರಿನಿಂದ ಸೊಂಟದವರೆಗೆ ಎದ್ದರೋ ಇಲ್ಲವೋ, "ಎಲಾ ಇವನ, ನನ್ ಕುರಿ" ಎಂದು ಮೆಟ್ಟಿಲಿಗೆ ನುಗ್ಗಿದರು. ಇಬ್ಬರೂ ಮಂಟಪದ ಸುತ್ತ ಓಡಿದ್ದನ್ನು ನೋಡಿ ಊರಿನವರು ತಲೆ ತಗ್ಗಿಸಿ ನಕ್ಕರು. ಅಪ್ಪಾಜಯ್ಯನವರು ಶಲ್ಯವನ್ನು ಮಡಿಚಿ, ಇದು ನಮ್ಮ ಮೂಲ ಅಲ್ಲ, ನಡುವೆ ಎಲ್ಲೋ ಆದದ್ದು, ನಾಳೆ ಇನ್ನೂ ಮೇಲಿನವರನ್ನು ಕರೆಯಿರಿ ಎಂದರು. ಅಲ್ಲಿಗೆ ನಿಲ್ಲಿಸಿದರೆ ದೊಡ್ಡಮನೆಯ ಮೂಲ ಕುರಿಕಳ್ಳನ ಹತ್ತಿರ ನಿಂತುಬಿಡುತ್ತಿತ್ತು. ಅವರ ಕಷ್ಟ ನನಗೂ ಅರ್ಥವಾಯಿತು.

ಮುಂದಿನವರ ಹೆಸರು ಯಾರಿಗೂ ತಿಳಿಯದು. ಹಾಗಾಗಿ, ಇವರಿಗಿಂತ ಹಿರಿಯರು ಬರಲಿ ಎಂದಷ್ಟೇ ಕರೆಯಬೇಕಾಯಿತು. ಹಾಗೆ ಕರೆದರೆ ಎಷ್ಟು ಹಿಂದಿನವರು ಬರುತ್ತಾರೆಂಬುದು ನನ್ನ ಕೈಯಲ್ಲಿಲ್ಲ, ಈಶ್ವರನ ಚಿತ್ತ. ಮರುದಿನ ದೊಡ್ಡಮನೆಗೆಂದು ಕರೆದಾಗ ಮೈಮೇಲೆ ಬಟ್ಟೆಯಿಲ್ಲದ ಒಬ್ಬ ಮುದುಕಿ ಬಂದಳು. ಕೈಯಲ್ಲಿ ಒಂದು ಚೂಪುಗಲ್ಲಿತ್ತು, ಮುಖದಲ್ಲಿ ಬಹಳ ಶಾಂತಿಯಿತ್ತು. ನಂಜಮ್ಮಣ್ಣಿಯವರು ಸೆರಗು ಹೊದಿಸಿದರು. ಅಕ್ಷತೆ ನಿಂತಿತು. ಆಮೇಲೆ ಕರಿಯಣ್ಣನ ಕಡೆಯವರು ಬರಲಿ ಎಂದು ಕರೆದೆ. ಯಾರೂ ಏಳಲಿಲ್ಲ. ಮತ್ತೆ ಕರೆದೆ. ಅಷ್ಟು ಹೊತ್ತಿಗೆ ಅಪ್ಪಾಜಯ್ಯನವರ ಕೈ ಹಿಡಿದು ಮಂಟಪದ ಮೆಟ್ಟಿಲು ಹತ್ತುತ್ತಿದ್ದ ಮುದುಕಿ, ಯಾರೋ ತನ್ನನ್ನೇ ಕರೆದಂತೆ ತಿರುಗಿ ನೋಡಿ, ಆ ಕೈ ಬಿಡಿಸಿಕೊಂಡು, ಇಳಿದು ಬಂದು ಕರಿಯಣ್ಣನ ಮುಂದೆ ನೆತ್ತಿ ಒಡ್ಡಿ ನಿಂತಳು.

ಚೆಲುವಾಂಬೆ ಜನರ ಹಿಂದಿನಿಂದ ನನ್ನ ಮುಖ ನೋಡಿದಳು. ಇಷ್ಟು ಸಾಕಲ್ಲವೇ ಎನ್ನುವ ಹಾಗಿತ್ತು ಆ ನೋಟ. ಸಾಕಾಗಿತ್ತು, ಆದರೆ ಅಪ್ಪಾಜಯ್ಯನವರು ಹೊಳೆಯ ಉದಾಹರಣೆ ಕೊಟ್ಟರು. ಹೊಳೆ ಕೆಳಗೆ ಒಂದೇ ಆಗಿ ಕಂಡರೂ ಮೇಲಕ್ಕೆ ಹೋದಷ್ಟೂ ಕವಲು ಬೇರೆ ಬೇರೆ ಇರುತ್ತವೆ. ಇದು ಸಂಗಮ, ಇಲ್ಲಿಂದ ಮೇಲೆ ಹೋದರೆ ನಮ್ಮ ನೀರು ನಮಗೆ, ಅವರ ನೀರು ಅವರಿಗೆ ಎಂದರು. ಜೋಯಿಸರು ಭೇಷ್ ಎಂದರು. ಹೊಳೆಯ ವಿಷಯದಲ್ಲಿ ಅದು ನಿಜವೂ ಹೌದು. ಮಂಟಪದ ಮುಂದೆಯೇ ಅರಳಿಮರವಿತ್ತು, ಕೆಳಗೆ ಬಂದಷ್ಟೂ ಅದರ ಕೊಂಬೆ ಕಡಿಮೆಯಾಗಿ ಕೊನೆಗೆ ಒಂದೇ ಬೊಡ್ಡೆ. ಎಲ್ಲರೂ ಅದರ ನೆರಳಿನಲ್ಲಿ ನಿಂತು ಹೊಳೆಯ ಬಗ್ಗೆಯೇ ಯೋಚಿಸಿದರು.

ಒಬ್ಬರೇ ಹಿರಿಯರು, ಎರಡು ಮನೆ. ಯಾರ ಮನೆಗೆ ಮೊದಲು ಹೋಗಬೇಕೆಂಬ ಜಗಳ ಬೇಡವೆಂದು ಅಂದಿನಿಂದ ಎಡೆಯನ್ನು ಮಂಟಪದಲ್ಲೇ ಇಡುವುದೆಂದಾಯಿತು. ದಿನವೂ ಮಧ್ಯಾಹ್ನ ನಾನು ಕರೆಯುವುದು, ಎರಡು ಕಡೆಗೂ ಒಬ್ಬರೇ ಬರುವುದು, ನಾಳೆ ಇನ್ನೂ ಮೇಲೆ ಎಂದು ಅಪ್ಪಾಜಯ್ಯನವರು ಹೇಳುವುದು. ಬರುವವರು ದಿನಕ್ಕೊಂದನ್ನು ಬಿಟ್ಟು ಬರತೊಡಗಿದರು. ಒಬ್ಬರು ಮಾತು ಬಿಟ್ಟು ಬಂದರು. ಆಮೇಲಿನವರು ನೆಟ್ಟಗೆ ನಿಲ್ಲುವುದನ್ನು ಬಿಟ್ಟು, ಬಾಲ ಹಿಡಿದುಕೊಂಡು ಬಂದರು. ಅದರ ಮರುದಿನ ಬಂದವರು ಅಂಗೈಯಲ್ಲಿ ಕೂರುವಷ್ಟಿದ್ದರು. ಮೀಸೆ ಅಲುಗಿಸುತ್ತ ಎಲೆಯ ಅಂಚಿನಲ್ಲಿ ಕೂತು ಕಡಲೆಬೇಳೆಯ ಕಾಳೊಂದನ್ನು ಎರಡು ಕೈಯಲ್ಲಿ ಹಿಡಿದು ತಿಂದರು. ಅಪ್ಪಾಜಯ್ಯನವರು ಅವರಿಗೂ ಅಡ್ಡಬಿದ್ದರು. ಅವರ ಭಕ್ತಿಯನ್ನು ನಾನು ಎಂದೂ ಸಂಶಯಿಸಿದವನಲ್ಲ. ಅಡ್ಡಬಿದ್ದು ಎದ್ದವರು ಕರಿಯಣ್ಣನ ಕಡೆ ನೋಡದೆ ಕೈಯೊರೆಸಿಕೊಳ್ಳುತ್ತಿದ್ದರು, ಅಷ್ಟೆ.

ಹಿರಿಯರು ಚಿಕ್ಕವರಾದಂತೆ ಪಂಕ್ತಿ ದೊಡ್ಡದಾಯಿತು. ಇದನ್ನು ಯಾರೂ ಎಣಿಸಿರಲಿಲ್ಲ. ಬಾಲವಿದ್ದವರು ಬಂದ ದಿನ ಗುಡಿಯ ಗೋಪುರದ ಕೋತಿಗಳೆಲ್ಲ ಇಳಿದು ಬಂದು ಸಾಲಾಗಿ ಕೂತವು. ಎಂದೂ ಕಸಿದು ತಿನ್ನುವವು ಅಂದು ಎಲೆ ಹಾಕುವವರೆಗೆ ಕಾದವು. ಮೀಸೆಯವರು ಬಂದ ದಿನ ಇಲಿ, ಅಳಿಲು, ಅವುಗಳ ಹಿಂದೆ ಬೀದಿಯ ನಾಯಿಗಳು, ಹಸು, ಎಮ್ಮೆ, ಹಾಳುಮನೆಯ ಬಾವಲಿ ಎಲ್ಲ ಬಂದವು. ಅಜ್ಜನ ಮನೆಯ ಊಟಕ್ಕೆ ಮೊಮ್ಮಕ್ಕಳು ಬರುವುದನ್ನು ತಡೆಯುವವರು ಯಾರು? ನಾನು ಅವುಗಳ ನೆತ್ತಿಗೂ ಅಕ್ಷತೆ ಹಾಕಿದೆ. ಎಲ್ಲವುಗಳ ಮೇಲೂ ನಿಂತಿತು. ದಾಯಾದಿಗಳು ಎಂದು ಜೋಯಿಸರು ಬಹಳ ಹೊತ್ತು ಯೋಚಿಸಿ ಹೇಳಿದರು. ಅಂದಿನಿಂದ ಊರಿನಲ್ಲಿ ನಾಯಿಗೆ ಹಚಾ ಎನ್ನುವುದು ನಿಂತಿತು. ಮಾಂಸದ ಎಡೆ ಇಡುವ ಮನೆಗಳವರ ಪಾಡು ಹೇಳತೀರದು. ಸಾರಿನಲ್ಲಿದ್ದವನ ಅಣ್ಣ ಪಂಕ್ತಿಯಲ್ಲಿ ಕೂತಿರುವಾಗ ಬಡಿಸುವುದು ಹೇಗೆ? ಅವರೆಲ್ಲ ಅವರೆಕಾಳಿಗೆ ಇಳಿದರು.

ಇಷ್ಟು ಜನ ಸೇರಿದ ಮೇಲೆ ಒಂದು ವಿಂಗಡಣೆ ಇಲ್ಲದಿದ್ದರೆ ಹೇಗೆಂದು ಜೋಯಿಸರು ನಿಯಮ ಹಾಕಿದರು. ತಾಯ ಹಾಲು ಕುಡಿದವರು ಒಳಪಂಕ್ತಿ. ಮುಂದೆ ಮೊಟ್ಟೆ ಒಡೆದು ಹುಟ್ಟಿದವರು ಬಂದರೆ ಹೊರಪಂಕ್ತಿ. ನೀರು ಬಿಟ್ಟು ಇರಲಾರದವರಿಗೆ ತಾಮ್ರದ ಹಂಡೆ. ಈ ನಿಯಮ ಹಾಕುವಾಗ ಅವರ ಮನಸ್ಸಿನಲ್ಲಿ ಏನಿತ್ತೋ, ಒಳಪಂಕ್ತಿಯಲ್ಲಿ ಅಪ್ಪಾಜಯ್ಯನವರ ಎಡಕ್ಕೆ ಒಂದು ಎಮ್ಮೆ, ಬಲಕ್ಕೆ ಒಂದು ಹೆಗ್ಗಣ ಬಂದು ಕೂತವು. ಕರಿಯಣ್ಣನನ್ನು ಹೊರಗೆ ಕೂರಿಸಲು ಕೆಲವರು ನೋಡಿದರು. ಆದರೆ ಅವನು ಮೊಟ್ಟೆಯಿಂದ ಬಂದವನೆಂದು ಸಾಧಿಸಿ ತೋರಿಸಲು ಯಾರಿಂದಲೂ ಆಗಲಿಲ್ಲ. ಅವನು ಹೆಗ್ಗಣದ ಆಚೆ ಕೂತ.

ಪಕ್ಷದ ನಡುವೆ ಒಂದು ಸಂಜೆ, ನಾನು ಹೂ ಬಿಡಿಸುತ್ತಿದ್ದಾಗ ಚೆಲುವಾಂಬೆ ಗುಡಿಗೆ ಬಂದಳು. ಸೂರ್ಯನ ಮೂಲದವರು ದಸರೆಗೆ ಬರುವುದಾಗಿ ಮತ್ತೆ ಹೇಳಿಕಳಿಸಿದ್ದರಂತೆ. ಅಮಾವಾಸ್ಯೆಯವರೆಗೂ ಅಪ್ಪ ಮೇಲಕ್ಕೆ ಹತ್ತುತ್ತಲೇ ಇದ್ದರೆ, ನಡುವೆ ಎಲ್ಲಾದರೂ ಎರಡು ಬೇರೆ ಕಂಡುಬಿಟ್ಟರೆ, ತನ್ನ ಕಥೆ ಮುಗಿಯಿತು ಎಂದಳು. "ಅಯ್ನೋರೆ, ನಾಳೆ ಸ್ವಲ್ಪ ಮೆಲ್ಲಗೆ ಕರೀರಿ. ಯಾರೂ ಕೇಳಿಸ್ಕೊಳ್ದೆ ಇದ್ರೆ ಅಲ್ಲಿಗೇ ನಿಲ್ಲುತ್ತೆ." ನಾನು ಅವಳ ಕೈಗೆ ಒಂದು ದಾಸವಾಳ ಕೊಟ್ಟು, ತಾಯಿ, ಮೂಗಿನಿಂದ ಕರೆದದ್ದು ಮೆಲ್ಲಗೆ ಕರೆದರೂ ನೀರಿಗೆ ಕೇಳುತ್ತದಂತೆ, ನನ್ನ ತಂದೆಯವರೇ ಹೇಳುತ್ತಾರೆ ಎಂದೆ. ಅವಳು ನಗಲಿಲ್ಲ.

ಮರುದಿನದಿಂದ ಬಂದವರಿಗೆ ಕೂದಲು ಇರಲಿಲ್ಲ. ಹೊಟ್ಟೆ ನೆಲಕ್ಕೆ ತಾಗಿಸಿ, ಮೊಣಕೈ ಹೊರಗೆ ಚಾಚಿ, ಒಂದೊಂದೇ ಮೆಟ್ಟಿಲು ಹತ್ತಿದರು. ಅವರ ಹಿಂದೆ ಕೋಳಿ, ಕಾಗೆ, ಹಲ್ಲಿ, ಆಮೆ, ಹುತ್ತದ ನಾಗಪ್ಪ ಎಲ್ಲ ಹೊರಪಂಕ್ತಿಗೆ ಬಂದವು. ಕಾಗೆ ನಮ್ಮೂರಿಗೆ ಪಿತೃವಾಗಿ ಬಂದದ್ದಲ್ಲ, ದಾಯಾದಿಯಾಗಿ ಬಂದದ್ದು ಎಂದು ಜೋಯಿಸರು ಸಮಾಧಾನ ಹೇಳಿದರು. ಆಮೇಲೆ ಒದ್ದೆ ಮೈಯ, ಅಗಲ ತಲೆಯ ಒಬ್ಬರು ಬಂದರು. ಅವರ ಕಾಲಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬೆರಳುಗಳಿದ್ದವು. ಕಪ್ಪೆಗಳು ಬಂದು ಅವರನ್ನು ಸುತ್ತುವರಿದವು. ಆಮೇಲಿನವರು ಮೆಟ್ಟಿಲು ಹತ್ತಲಾರದೆ ನೀರಿನಲ್ಲೇ ಈಜುರೆಕ್ಕೆ ಬಡಿದರು. ಅವರನ್ನು ಹಂಡೆಯಲ್ಲಿ ಹೊತ್ತು ತಂದು, ನೀರಿನ ಮೇಲೆ ಬಾಳೆಲೆ ತೇಲಿಬಿಟ್ಟೆವು. ಕೊಳದ ಮೀನುಗಳೆಲ್ಲ ಮೆಟ್ಟಿಲ ಬಳಿ ಬಾಯಿ ಮೇಲೆ ಮಾಡಿಕೊಂಡು ನಿಂತವು. ನಾನು ನೀರಿಗಿಳಿದು ಅವುಗಳ ನೆತ್ತಿಗೂ ಅಕ್ಷತೆ ಹಾಕಿದೆ. ಸೊಂಟದ ತನಕ ನೀರಿನಲ್ಲಿ ನಿಂತು, ಇಷ್ಟೊಂದು ನೆತ್ತಿಗಳನ್ನು ಮುಟ್ಟುವ ಭಾಗ್ಯ ಯಾವ ಪೂಜಾರಿಗೆ ಸಿಕ್ಕೀತು ಎಂದು ನನ್ನ ಕಣ್ಣು ತುಂಬಿದ್ದೂ ಉಂಟು.

ದವಡೆ ಇರುವವರೆಗೆ ಅಡಿಗೆಗೆ ತೊಂದರೆಯಿರಲಿಲ್ಲ. ಅದನ್ನೂ ಬಿಟ್ಟು ಬಂದವರು ಹಾವಿನಂತೆ ಉದ್ದವಿದ್ದರು, ಬಾಯಿ ಬಳೆಯಂತೆ ದುಂಡಗಿತ್ತು. ಅವರು ವಡೆಯನ್ನು ಮೂಸಿ ನೋಡಿ ಬಿಟ್ಟು, ಹಂಡೆಯ ಪಕ್ಕದಲ್ಲಿ ಮಂತ್ರ ಹೇಳುತ್ತಿದ್ದ ಜೋಯಿಸರ ಮೀನಖಂಡಕ್ಕೆ ಕಚ್ಚಿಕೊಂಡರು. ಬಿಡಿಸಲು ನಾಲ್ಕು ಜನ ಬೇಕಾಯಿತು. ಜೋಯಿಸರು ನೋವಿನಲ್ಲೂ ನಿಯಮ ಬಿಡದೆ, ಇದು ಕಚ್ಚಿದ್ದಲ್ಲ, ಅಪ್ಪಿಕೊಂಡದ್ದು ಎಂದರು. ಮುಂದಿನವರಿಗೆ ನಂಜಮ್ಮಣ್ಣಿಯವರು ಪಾಯಸವನ್ನಷ್ಟೇ ಇಟ್ಟರು.

ಚತುರ್ದಶಿಯ ದಿನ ಬಂದವರಿಗೆ ಬೆನ್ನುಮೂಳೆಯೂ ಇರಲಿಲ್ಲ. ಕೈಯಲ್ಲಿ ಹಿಡಿದರೆ ಒದ್ದೆ ಹಗ್ಗ ಹಿಡಿದ ಹಾಗೆ. ಆದರೆ ನೆತ್ತಿಯನ್ನು ಒತ್ತಿ ನೋಡಿದಾಗ ಎಳೆಯ ಕಾಯಿಯ ಕರಟದಷ್ಟು ಮೆತ್ತಗೆ ಒಂದು ಬುರುಡೆ ಬೆರಳಿಗೆ ತಗುಲಿತು, ಅಕ್ಷತೆ ನಿಂತಿತು. ಬೆನ್ನುಮೂಳೆಯಿಲ್ಲದವರು ತಮ್ಮ ಮೂಲದವರಾಗಲು ಸಾಧ್ಯವಿಲ್ಲ ಎಂದು ಅಪ್ಪಾಜಯ್ಯನವರು ಮೊದಲ ಸಲ ದನಿ ಏರಿಸಿದರು. ಬೆನ್ನುಮೂಳೆ ಇರಬೇಕೆಂದು ಶಾಸ್ತ್ರದಲ್ಲಿ ಹೇಳಿಲ್ಲ ಎಂದು ಜೋಯಿಸರು ಕಾಲು ನೀವಿಕೊಳ್ಳುತ್ತ ಅಂದರು. ಹಾಗೇನಾದರೂ ಹೇಳಿದ್ದರೆ ಪಂಚಾಯತಿಯವರಲ್ಲಿ ಅರ್ಧ ಜನ ಎಲೆ ಬಿಟ್ಟು ಏಳಬೇಕಾಗುತ್ತಿತ್ತು ಎಂದು ಹಿಂದಿನಿಂದ ಯಾರೋ ಗೊಣಗಿದರು. ಈ ಗಲಾಟೆಗೆ ಹೆದರಿದ ಹಿರಿಯರು ಮೈಯಿಂದ ಅದೇನೋ ಲೋಳೆ ಬಿಟ್ಟರು. ನೋಡುತ್ತಿದ್ದಂತೆ ಹಂಡೆಯ ನೀರೆಲ್ಲ ಗಂಜಿಯಂತೆ ಗಟ್ಟಿಯಾಯಿತು. ನಂಜಮ್ಮಣ್ಣಿಯವರು ಸೌಟಿನಿಂದ ಅದನ್ನು ಎತ್ತಿ ನೋಡಿ, ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಹೋದೀತೆಂದು ಮಾತ್ರ ಹೇಳಿದರು.

ಅಮಾವಾಸ್ಯೆ ಬಂತು. ಆ ಬೆಳಿಗ್ಗೆ ಕರಿಯಣ್ಣ ಗುಡಿಯ ಬಾಗಿಲಲ್ಲಿ ಕೂತಿದ್ದ. ಮಗನ ವಿಷಯ ಮಾತಾಡಲು ಬಂದನೆಂದುಕೊಂಡೆ. ಅವನಿಗೆ ಬೇರೆಯೇ ಚಿಂತೆಯಿತ್ತು. "ಅಯ್ನೋರೆ, ಇವತ್ತು ಒಂದೇ ಸಲ ಕರೀರಿ, ಅದರ ಮೇಲೆ ಬ್ಯಾಡಿ. ಇನ್ನೂ ಮೇಲೆ ಹೋದ್ರೆ ಬಸವನಹುಳನೂ ನೆಂಟರಾಗ್ತವೆ. ಆಮೇಲೆ ನಾನು ಸುಣ್ಣ ಸುಡೋದು ಹೆಂಗೆ?" ಅದಕ್ಕೆ ತಲೆಬುರುಡೆ ಇಲ್ಲವಲ್ಲ, ಹೆದರಬೇಡ ಎಂದೆ. ಅವನಿಗೆ ಸಮಾಧಾನವಾಯಿತು. ನೆಂಟಸ್ತನ ಎಲ್ಲಿ ಮುಗಿಯಬೇಕೆಂಬುದರಲ್ಲಿ ಅವನಿಗೂ ಅಪ್ಪಾಜಯ್ಯನವರಿಗೂ ಇದ್ದ ವ್ಯತ್ಯಾಸ ದೊಡ್ಡದೇನಲ್ಲ. ತನ್ನ ಗೂಡಿನ ಬಾಗಿಲಲ್ಲಿ ಮುಗಿದರೆ ಅವನಿಗೆ ಸಾಕಿತ್ತು.

ಮಧ್ಯಾಹ್ನ ಕರೆದೆ. ನೀರು ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಕೊನೆಯ ಮೆಟ್ಟಿಲ ಮರಳಿನಲ್ಲಿ ಏನೋ ಮಿಸುಕಿತು. ಬೆರಳುದ್ದದ ಒಂದು ಜೀವ, ಗಾಜಿನಂತೆ ಆಚೆಯದು ಈಚೆ ಕಾಣುತ್ತಿತ್ತು. ಎರಡು ತುದಿಯೂ ಚೂಪಾಗಿ, ಯಾವುದು ಮುಂದು ಯಾವುದು ಹಿಂದು ತಿಳಿಯುತ್ತಿರಲಿಲ್ಲ. ಬೊಗಸೆಯಲ್ಲಿ ಎತ್ತಿ ಹಿತ್ತಾಳೆಯ ಚೊಂಬಿಗೆ ಬಿಟ್ಟೆ. ಒಂದು ತುದಿಗೆ ಅಕ್ಷತೆ ಹಾಕಿದೆ, ಜಾರಿತು. ಇನ್ನೊಂದು ತುದಿಗೆ ಹಾಕಿದೆ, ಜಾರಿತು. ತಲೆಯಿಲ್ಲ, ಹಿರಿಯರಲ್ಲ, ಎಲೆಯಿಲ್ಲ ಎಂದು ಜೋಯಿಸರು ತೀರ್ಪು ಕೊಟ್ಟರು. ಅಂದರೆ ಎಲ್ಲರ ಮೂಲವೂ ನಿನ್ನೆಯ ಲೋಳೆಯವರು ಎಂದಾಯಿತು. ಎರಡು ಮನೆಯ ಎಲೆ ಬೇರೆಯಾಗಲೇ ಇಲ್ಲ. ಗವಿರಂಗ ಕಂಬಕ್ಕೆ ಒರಗಿ ನಿಂತವನು ಚೆಲುವಾಂಬೆಯ ಕಡೆ ನೋಡಿದ.

ಅಪ್ಪಾಜಯ್ಯನವರು ಬಹಳ ಶಾಂತವಾಗಿ ಮಾತಾಡಿದರು. ಸರಿ, ಮೂಲ ಒಂದೇ ಎಂದು ಒಪ್ಪಿದ್ದೇನೆ. ಒಂದೇ ಮೂಲದವರೆಂದ ಮೇಲೆ ಹುಡುಗ ಹುಡುಗಿ ಅಣ್ಣ ತಂಗಿ ಆದರು. ಅಣ್ಣ ತಂಗಿಗೆ ಮದುವೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಜೋಯಿಸರು ತಲೆದೂಗಿದರು. ಮೊದಲು ಬೇರೆ ಎಂದು ಆಗದಿದ್ದ ಮದುವೆ ಈಗ ಒಂದೇ ಎಂದು ಆಗದಾಯಿತು. ಚೆಲುವಾಂಬೆ ಕೈಯಲ್ಲಿದ್ದ ಪಾಯಸದ ಪಾತ್ರೆಯನ್ನು ಕೆಳಗಿಟ್ಟಳು.

ಆಗ ನಂಜಮ್ಮಣ್ಣಿಯವರು ಒಲೆಯ ಮುಂದಿನಿಂದ ಎದ್ದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಂದು ಗಂಡನ ಎದುರಿಗೆ ಕಾಲು ಚಾಚಿ ಕೂತರು. "ಹಂಗಾದ್ರೆ ನಾನೂ ನಿಮ್ಮ ತಂಗಿನೇ ಆದೆ. ಇಷ್ಟು ವರ್ಷದ ಗೌರಿ ಬಾಗಿನ ಬಾಕಿ ಇದೆ ಅಣ್ಣಯ್ಯ. ಕೊಟ್ಟು ಕಳಿಸಿ. ತೌರಿಗೆ ಬಂದವಳು ಒಲೆ ಮುಂದೆ ಕೂರೋದು ಯಾವ ಶಾಸ್ತ್ರ?" ಅಪ್ಪಾಜಯ್ಯನವರು ಹಾಸ್ಯವೆಂದು ನಗಲು ನೋಡಿದರು. ಅಷ್ಟರಲ್ಲಿ ಜೋಯಿಸರ ಹೆಂಡತಿ ಸೌಟು ಕೆಳಗಿಟ್ಟು ಅವರ ಪಕ್ಕ ಬಂದು ಕೂತರು. ಕರಿಯಣ್ಣನ ಹೆಂಡತಿ ಕೂತಳು. ಒಬ್ಬೊಬ್ಬರಾಗಿ ಊರಿನ ಹೆಂಗಸರೆಲ್ಲ ಕಾಲು ಚಾಚಿ ಕೂತು, ಅಣ್ಣಂದಿರು ಊಟಕ್ಕೆ ಏಳಿಸಲಿ ಎಂದು ಕಾಯತೊಡಗಿದರು. ಒಲೆಗಳು ಆರಿದವು. ಒಳಪಂಕ್ತಿಯಲ್ಲಿ ಎಮ್ಮೆ ಒಮ್ಮೆ ಕೂಗಿತು. ಹೊರಪಂಕ್ತಿಯಲ್ಲಿ ಕಾಗೆಗಳು ಎಲೆ ಕುಕ್ಕಿದವು. ಕೊಳದಲ್ಲಿ ಮೀನುಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಉಣ್ಣದೆ ಅವರು ಯಾರೂ ಹೋಗುವವರಲ್ಲ. ಅನ್ನ ಬಸಿಯಲು ಹೋದ ಪಂಚಾಯತಿಯವರು ಕೈ ಸುಟ್ಟುಕೊಂಡು ಬಂದು ಜೋಯಿಸರ ಸುತ್ತ ನಿಂತರು.

ಜೋಯಿಸರು ಪಂಚಾಂಗ ತೆರೆದರು. ಅಷ್ಟು ಬೇಗ ಅವರು ಶಾಸ್ತ್ರ ಹುಡುಕಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಮದುವೆಯ ವಿಷಯದಲ್ಲಿ ನೆಂಟಸ್ತನ ಏಳು ತಲೆಮಾರಿಗೆ ಮುಗಿಯುತ್ತದೆ, ಅದರಾಚೆ ಎಲ್ಲರೂ ಬೇರೆ ಎಂದು ಸಾರಿದರು. ಗಂಡಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ನಂಜಮ್ಮಣ್ಣಿಯವರು ಮಾತ್ರ ಏಳಲಿಲ್ಲ. ಏಳರಾಚೆಯದು ಮದುವೆಗೆ ಲೆಕ್ಕಕ್ಕಿಲ್ಲ ಅಂದರೆ ಬಲಗಡೆ ಎಲೆಗೂ ಲೆಕ್ಕಕ್ಕಿಲ್ಲವಲ್ಲ ಎಂದು ಕೇಳಿದರು. ಜೋಯಿಸರು ಆರಿದ ಒಲೆಯ ಕಡೆ ನೋಡಿ, ಅದಕ್ಕೂ ಇಲ್ಲ ಎಂದರು. ಏಳರೊಳಗೆ ದೊಡ್ಡಮನೆಗೆ ಸಿಕ್ಕಿದ್ದವರು ಯಾರೆಂಬುದು ಎಲ್ಲರಿಗೂ ನೆನಪಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಪಂಕ್ತಿಯಲ್ಲಿದ್ದ ಒಂದು ಕುರಿ ಮಾತ್ರ ಬ್ಯಾ ಎಂದಿತು.

"ಏಳು ನಂಜಿ" ಎಂದರು ಅಪ್ಪಾಜಯ್ಯನವರು. ಏಳು ಅಂದದ್ದು ತಂಗಿಗೋ ಹೆಂಡತಿಗೋ ಎಂದು ನಂಜಮ್ಮಣ್ಣಿಯವರು ಕೇಳಿದರು. ಅಪ್ಪಾಜಯ್ಯನವರು, ಸುಣ್ಣದವರ ಕಡೆಯವರಿಗೆ ವಿಜಯದಶಮಿಯ ಮುಹೂರ್ತ ಆದೀತೋ ಕೇಳಿ ನೋಡಿ ಎಂದು, ಎಮ್ಮೆಯ ಕಡೆ ತಿರುಗಿಕೊಂಡು ಹೇಳಿದರು. ಒಲೆ ಹೊತ್ತಿತು. ಆ ದಿನ ಬಡಿಸಿ ಮುಗಿಯುವಾಗ ಗೋಪುರದ ಮೇಲೆ ಬಿಸಿಲು ಹೋಗಿತ್ತು. ಉಂಡವರೆಲ್ಲ ಅವರವರ ಮರ, ಬಿಲ, ಗೂಡು, ನೀರು ಸೇರಿಕೊಂಡರು.

ಚೊಂಬಿನಲ್ಲಿದ್ದವರು ಮಾತ್ರ ಹೋಗಲಿಲ್ಲ. ಅವರಿಗೆ ಎಲೆ ಹಾಕಿರಲಿಲ್ಲವಲ್ಲ. ಕರೆದವನು ನಾನು; ಕರೆದು ಉಣಿಸದೆ ಕಳಿಸುವುದು ಹೇಗೆಂದು ಚೊಂಬನ್ನು ಗರ್ಭಗುಡಿಯ ಹೊರಗೆ, ನಂದಿಯ ಪಕ್ಕದಲ್ಲಿಟ್ಟು ದಿನವೂ ನೀರು ಬದಲಿಸುತ್ತಿದ್ದೆ. ಒಂದೆರಡು ಸಲ ದೀಪ ತೋರಿಸಿದಾಗ ಅವರ ಮೈಯೊಳಗಿನಿಂದ ಬೆಳಕು ಹಾಯ್ದು ಆಚೆ ಗೋಡೆಯ ಮೇಲೆ ಬಿತ್ತು. ಈಶ್ವರ ಮೊದಲು ಮಾಡಿ ನೋಡಿದ್ದು ಇಷ್ಟೇ ಇರಬೇಕು, ತಲೆ ಕೊಟ್ಟದ್ದು ಆಮೇಲೆ.

ಸೂರ್ಯನ ಮೂಲದವರಿಗೆ ಹೇಳಿಕಳಿಸಿದ್ದಾಯಿತು. ವಿಜಯದಶಮಿಯ ಬೆಳಿಗ್ಗೆ ಮದುವೆಗೆ ಮುಂಚೆ ನಾಂದಿ ಇಡಬೇಕು, ಎರಡು ಕಡೆಯ ಹಿರಿಯರಿಗೂ ಅಕ್ಷತೆ ಹಾಕಿ ಅಪ್ಪಣೆ ಕೇಳಬೇಕು. ಪಕ್ಷ ಮುಗಿದಿತ್ತು, ಕೊಳದಿಂದ ಯಾರನ್ನೂ ಕರೆಯುವಂತಿಲ್ಲ. ಊರಿನಲ್ಲಿ ಉಳಿದಿದ್ದ ಹಿರಿಯರೆಂದರೆ ಚೊಂಬಿನವರೊಬ್ಬರೇ. ಜೋಯಿಸರು ಏನೋ ಹೇಳಲು ಬಾಯಿ ತೆರೆದರು. ನಂಜಮ್ಮಣ್ಣಿಯವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತದ್ದನ್ನು ನೋಡಿ ಮುಚ್ಚಿಕೊಂಡರು. ನಾನು ಅಗಲವಾದ ತಟ್ಟೆಯೊಂದಕ್ಕೆ ನೀರು ಹಾಕಿ, ಅವರನ್ನು ಅದಕ್ಕೆ ಬಿಟ್ಟು, ಒಂದೇ ಎಲೆಯ ಮೇಲಿಟ್ಟೆ. ಎಲೆಯ ಈಚೆ ಅಪ್ಪಾಜಯ್ಯನವರು ಮಣೆ ಹಾಕಿಕೊಂಡು ಕೂತರು. ಆಚೆ ಕರಿಯಣ್ಣ ಕೂತ. ಅಪ್ಪಾಜಯ್ಯನವರು ಮುಷ್ಟಿ ತುಂಬ ಅಕ್ಷತೆ ಹಿಡಿದು, ಎಲ್ಲಿಗೆ ಹಾಕಲಿ ಎಂದು ನನ್ನನ್ನು ಕೇಳಿದರು. ನನಗೂ ತಿಳಿಯದು, ಹಾಗೆಯೇ ಹೇಳಿದೆ. ಅವರು ಕೈಯನ್ನು ನೀರಿನೊಳಗೇ ಇಳಿಸಿ ಮುಷ್ಟಿ ಬಿಚ್ಚಿದರು. ಅಕ್ಕಿಕಾಳು ತಳದಲ್ಲಿ ಕೂತವು. ಹಿರಿಯರು ಸರಕ್ಕನೆ ಆ ಕಾಳುಗಳೊಳಗೆ ಹುಗಿದುಕೊಂಡು, ಮರಳಿನಲ್ಲಿದ್ದಾಗಿನಂತೆ ನೆಮ್ಮದಿಯಾಗಿ, ಈಚೆಗೊಂದು ತುದಿ ಆಚೆಗೊಂದು ತುದಿ ಹೊರಗಿಟ್ಟು ಸುಮ್ಮನಾದರು.

ಅಪ್ಪಾಜಯ್ಯನವರು ತಮ್ಮ ಕಡೆಯ ತುದಿಗೆ ಕೈ ಮುಗಿದರು. ಮುಗಿದವರು ಏಳದೆ ಹಾಗೆಯೇ ಕೂತರು. ಆಚೆಯ ತುದಿಯೇ ಮುಂದಾಗಿದ್ದರೆ, ತಾವು ಇಷ್ಟು ಹೊತ್ತು ಕೈ ಮುಗಿದದ್ದು ಎಲ್ಲಿಗೆ ಎಂಬ ಸಂಶಯ ಅವರ ಮುಖದ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಕೊನೆಗೆ ಮಂಡಿಯ ಮೇಲೆ ಕೈಯೂರಿ ಎದ್ದು, ಎಲೆಯನ್ನು ಬಳಸಿಕೊಂಡು ಆಚೆ ಹೋದರು. ಅಲ್ಲಿ ಬೇರೆ ಮಣೆ ಇರಲಿಲ್ಲ. ಕರಿಯಣ್ಣ ಸ್ವಲ್ಪ ಸರಿದು ತನ್ನ ಮಣೆಯಲ್ಲಿ ಜಾಗ ಮಾಡಿಕೊಟ್ಟ. ಅವರು ಕೂತು, ಆ ತುದಿಗೂ ತಲೆ ಬಗ್ಗಿಸಿದರು.

ಮುಹೂರ್ತ ಮೀರುತ್ತಿತ್ತು. ಮತ್ತೆ ಎದ್ದು ತಮ್ಮ ಮಣೆಗೆ ಬರಲು ಅವರಿಗೆ ಹೊತ್ತಿರಲಿಲ್ಲ. ಕರಿಯಣ್ಣನ ಪಕ್ಕದಲ್ಲೇ ಇರಲಿ ಎಂದು ನಾನು ಗಂಟೆ ಬಾರಿಸಿದೆ.